ಮಹಿಳಾ ಕ್ರೀಡಾಂಗಣದ ಹೊಸ್ತಿಲಲ್ಲಿ: ಅರ್ಧ ಶತಮಾನದ ಒಂದು ವಿವಾದ

ನ್ಯಾಯವೂ ಕರುಣೆಯೂ ಬಹುಪಾಲು ಸಂದರ್ಭಗಳಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ಅವು ಕವಲೊಡೆದಂತೆ ತೋರುವ ಕಡೆಯಲ್ಲಿಯೇ ಸಮಾಜದ ವಿವೇಕಕ್ಕೆ ನಿಜವಾದ ಪರೀಕ್ಷೆ. ಗಂಡು ದೇಹದಲ್ಲಿ ಹುಟ್ಟಿ ಬೆಳೆದು, ಅನಂತರ ಹೆಣ್ಣಾಗಿ ಬಾಳುವ ಲಿಂಗಾಂತರಿ ವ್ಯಕ್ತಿಗಳು ಮಹಿಳಾ ಕ್ರೀಡೆಗಳಲ್ಲಿ ಸ್ಪರ್ಧಿಸಬಹುದೇ ಎಂಬ ಪ್ರಶ್ನೆ ಅಂತಹುದು. ಅಮೆರಿಕದಲ್ಲಿ ಅದು ಚುನಾವಣೆಯ ವಿಷಯವಾಗಿ ಬೆಳೆದಿದೆ. ಆದರೆ ಈ ವಿವಾದ ನಿನ್ನೆ ಮೊನ್ನೆಯದಲ್ಲ. ಅದಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ಆ ಇತಿಹಾಸವನ್ನು ಬಲ್ಲವರು ಎರಡೂ ಪಕ್ಷಗಳ ಆವೇಶದ ಮಾತಿಗೆ ಸುಲಭವಾಗಿ ಮರುಳಾಗಲಾರರು.

ಮಹಿಳೆಯರಿಗೆ ಪ್ರತ್ಯೇಕ ವಿಭಾಗವೇಕೆ ಎಂಬುದನ್ನು ಮೊದಲು ನೆನೆಯಬೇಕು. ಹರೆಯಕ್ಕೆ ಬರುವವರೆಗೆ ಬಾಲಕ ಬಾಲಕಿಯರ ಓಟದಲ್ಲಿ ಅಂತರ ಅಲ್ಪ. ಹರೆಯದಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಗಂಡಿನ ಎತ್ತರವನ್ನು, ಮೂಳೆಯನ್ನು, ಸ್ನಾಯುವನ್ನು, ರಕ್ತದ ಹಿಮೋಗ್ಲೋಬಿನ್ ಪ್ರಮಾಣವನ್ನು ಹೆಚ್ಚಿಸುತ್ತದೆ. ಉನ್ನತ ಮಟ್ಟದ ಓಟಗಳಲ್ಲಿ ಸ್ತ್ರೀಪುರುಷರ ಸಾಧನೆಯ ಅಂತರ ಸುಮಾರು 10ರಿಂದ 12 ಶೇಕಡಾ. ವಿಭಾಗ ಒಂದೇ ಆಗಿದ್ದರೆ ಅಂತಿಮ ಸುತ್ತಿನಲ್ಲಿ ಹೆಣ್ಣುಮಕ್ಕಳು ಕಾಣುತ್ತಿರಲಿಲ್ಲ. 1972ರಲ್ಲಿ ಅಮೆರಿಕದ ಶಿಕ್ಷಣ ಕಾಯಿದೆಯ ಒಂಬತ್ತನೆಯ ವಿಧಿಯು ಲಿಂಗಭೇದವನ್ನು ನಿಷೇಧಿಸುವ ಮುನ್ನ ಅಲ್ಲಿಯ ಪ್ರೌಢಶಾಲೆಗಳಲ್ಲಿ ಕ್ರೀಡೆಗಿಳಿದ ಬಾಲಕಿಯರ ಸಂಖ್ಯೆ 3 ಲಕ್ಷಕ್ಕೂ ಕಡಿಮೆಯಿತ್ತು. ಮುಂದೆ ಅದು 30 ಲಕ್ಷವನ್ನು ಮೀರಿತು. ಹೋರಾಡಿ ಪಡೆದ ಈ ಅವಕಾಶವನ್ನು ಕಾಪಾಡಿಕೊಳ್ಳಬೇಕೆಂಬ ಕಾಳಜಿಯನ್ನು ದ್ವೇಷವೆಂದು ಕರೆಯುವುದು ಸಲ್ಲದು.

ಈ ಕಾಯಿದೆ ಬಂದು ನಾಲ್ಕು ವರ್ಷಗಳಾಗುವಷ್ಟರಲ್ಲಿ ಮೊದಲ ದೊಡ್ಡ ವಿವಾದ ತಲೆದೋರಿತು. ರಿಚರ್ಡ್ ರಾಸ್ಕಿಂಡ್ ಎಂಬವರು ನ್ಯೂಯಾರ್ಕಿನ ಹೆಸರಾಂತ ನೇತ್ರವೈದ್ಯರು. ಮೆಳ್ಳೆಗಣ್ಣಿನ ಚಿಕಿತ್ಸೆಯಲ್ಲಿ ನಿಪುಣರು. ಯೇಲ್ ವಿಶ್ವವಿದ್ಯಾಲಯದ ಟೆನಿಸ್ ತಂಡದ ನಾಯಕತ್ವ ವಹಿಸಿದ್ದವರು. ಅವರು 1975ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ರೆನೆ ರಿಚರ್ಡ್ಸ್ ಎಂಬ ಹೆಸರಿನಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಬಾಳನ್ನು ಆರಂಭಿಸಿದರು. 1976ರಲ್ಲಿ ಅಲ್ಲಿಯ ಮಹಿಳಾ ಪಂದ್ಯವೊಂದರಲ್ಲಿ ಆಡಿ ಗೆದ್ದಾಗ ಪೂರ್ವವೃತ್ತಾಂತ ಬಯಲಾಯಿತು. ಅದೇ ವರ್ಷ ನ್ಯೂಜರ್ಸಿಯ ಪಂದ್ಯಾವಳಿಗೆ ಆಕೆಯನ್ನು ಆಹ್ವಾನಿಸಿದಾಗ 32 ಮಂದಿ ಆಟಗಾರ್ತಿಯರ ಪೈಕಿ 25 ಮಂದಿ ಹಿಂದೆ ಸರಿದರು. ಅಮೆರಿಕದ ಟೆನಿಸ್ ಸಂಘವು ಮಹಿಳಾ ಆಟಗಾರ್ತಿಯರಿಗೆ ವರ್ಣತಂತು ಪರೀಕ್ಷೆಯನ್ನು ವಿಧಿಸಿತು. ರಿಚರ್ಡ್ಸ್ ನ್ಯಾಯಾಲಯದ ಮೆಟ್ಟಿಲೇರಿದರು.

ಕೆಲವು ಆಟಗಾರ್ತಿಯರು ಸಂಘದ ಪರವಾಗಿ ಪ್ರಮಾಣಪತ್ರ ಸಲ್ಲಿಸಿದರೆ, ಮಹಿಳಾ ಟೆನಿಸಿನ ಹಕ್ಕುಗಳಿಗಾಗಿ ಹೋರಾಡಿದ್ದ ಬಿಲ್ಲಿ ಜೀನ್ ಕಿಂಗ್ ಅವರೇ ರಿಚರ್ಡ್ಸ್ ಪರವಾಗಿ ನಿಂತರು. 1977ರ ಆಗಸ್ಟ್ ತಿಂಗಳಲ್ಲಿ ನ್ಯಾಯಾಧೀಶ ಆಲ್ಫ್ರೆಡ್ ಅಸಿಯೋನ್ ಅವರು ವರ್ಣತಂತು ಪರೀಕ್ಷೆಯೊಂದನ್ನೇ ಆಧರಿಸಿ ಹೊರಗಿಡುವುದು ಅನ್ಯಾಯವೆಂದು ತೀರ್ಪಿತ್ತರು. ಕೆಲವೇ ದಿನಗಳಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ರಿಚರ್ಡ್ಸ್ ಯು.ಎಸ್. ಓಪನ್ ಅಂಗಣಕ್ಕಿಳಿದರು. ಸಿಂಗಲ್ಸ್‌ನ ಮೊದಲ ಸುತ್ತಿನಲ್ಲಿಯೇ ವರ್ಜೀನಿಯಾ ವೇಡ್ ಅವರಿಗೆ ಸೋತರು. ಡಬಲ್ಸ್‌ನಲ್ಲಿ ಅಂತಿಮ ಸುತ್ತನ್ನು ಮುಟ್ಟಿ ಮಾರ್ಟಿನಾ ನವ್ರಾಟಿಲೋವಾ ಮತ್ತು ಬೆಟ್ಟಿ ಸ್ಟೋವ್ ಜೋಡಿಗೆ ಮಣಿದರು. ಮಹಿಳಾ ಟೆನಿಸ್ ಮುಳುಗಿಹೋಗುವುದೆಂಬ ಭೀತಿ ನಿಜವಾಗಲಿಲ್ಲ. ನಲವತ್ತು ದಾಟಿದವರೊಬ್ಬರು ಜಗತ್ತಿನ ಮೊದಲ ಇಪ್ಪತ್ತರೊಳಗೆ ಬಂದರೆಂಬುದೂ ನಿಜ. ಎರಡೂ ಪಕ್ಷಗಳಿಗೆ ಅದರಲ್ಲಿ ಆಧಾರ ದೊರೆಯಿತು.

ಆ ವರ್ಣತಂತು ಪರೀಕ್ಷೆಗೆ ಆಗಲೇ ಒಂದು ಕಹಿ ಚರಿತ್ರೆಯಿತ್ತು. 1966ರಲ್ಲಿ ಬುಡಾಪೆಸ್ಟಿನ ಯುರೋಪಿಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಹೆಣ್ಣುಮಕ್ಕಳು ವೈದ್ಯರ ಮುಂದೆ ವಿವಸ್ತ್ರರಾಗಿ ನಿಲ್ಲಬೇಕಾಯಿತು. 1968ರಿಂದ ಒಲಿಂಪಿಕ್ಸ್‌ನಲ್ಲಿ ಕೆನ್ನೆಯ ಒಳಪದರದ ಕೋಶಗಳ ಪರೀಕ್ಷೆ ಬಂದಿತು. ಪುರುಷರು ವೇಷ ಮರೆಸಿ ಬರುತ್ತಾರೆಂಬ ಶಂಕೆ ಅದರ ಮೂಲ; ಆದರೆ ಬಲೆಗೆ ಬಿದ್ದವರು ಹುಟ್ಟಿನಿಂದ ಹೆಣ್ಣಾಗಿಯೇ ಬೆಳೆದವರು. 1985ರಲ್ಲಿ ಕೋಬೆ ನಗರದ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟಕ್ಕೆ ಹೋದ ಸ್ಪೇನಿನ ಮಾರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೋ ಅವರ ಕೋಶಗಳಲ್ಲಿ ಗಂಡಿನ ವರ್ಣತಂತು ಕಂಡಿತು. ಆಕೆಯ ದೇಹಕ್ಕಾದರೋ ಟೆಸ್ಟೊಸ್ಟೆರಾನ್‌ಗೆ ಸ್ಪಂದಿಸುವ ಶಕ್ತಿಯೇ ಇರಲಿಲ್ಲ. ಆ ಗುಟ್ಟು ಪತ್ರಿಕೆಗಳ ಪಾಲಾಗಿ ಆಕೆ ಪದಕ, ವಿದ್ಯಾರ್ಥಿವೇತನ, ನಿಶ್ಚಯವಾಗಿದ್ದ ವಿವಾಹ ಎಲ್ಲವನ್ನೂ ಕಳೆದುಕೊಂಡರು. ಮತ್ತೆ ಮಾನ್ಯತೆ ಪಡೆಯಲು ಮೂರು ವರ್ಷ ಹೋರಾಡಬೇಕಾಯಿತು. 1996ರ ಅಟ್ಲಾಂಟಾದಲ್ಲಿ ಪರೀಕ್ಷೆಗೊಳಗಾದ 3387 ಮಹಿಳೆಯರಲ್ಲಿ 8 ಮಂದಿಯ ಫಲಿತಾಂಶ ಭಿನ್ನವಾಗಿದ್ದರೂ ಎಲ್ಲರಿಗೂ ಸ್ಪರ್ಧಿಸಲು ಅನುಮತಿ ದೊರೆಯಿತು. 1999ರಲ್ಲಿ ಒಲಿಂಪಿಕ್ ಸಮಿತಿ ಸಾರ್ವತ್ರಿಕ ಪರೀಕ್ಷೆಯನ್ನು ಕೈಬಿಟ್ಟಿತು. ಶಂಕೆ ಮಾತ್ರ ಉಳಿಯಿತು. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿ ಪದಕವನ್ನು ಕಳೆದುಕೊಂಡರು. 2014ರಲ್ಲಿ ಹೊರಗಿಡಲ್ಪಟ್ಟ ಒಡಿಶಾದ ದ್ಯುತಿ ಚಂದ್ 2015ರಲ್ಲಿ ಕ್ರೀಡಾ ನ್ಯಾಯಮಂಡಳಿಯಲ್ಲಿ ಹೋರಾಡಿ ಮರಳಿ ಓಡಿದರು. ಇವರಾರೂ ಲಿಂಗಾಂತರಿಗಳಲ್ಲ.

ಲಿಂಗಾಂತರಿ ಸ್ಪರ್ಧಿಗಳಿಗೆ ಒಲಿಂಪಿಕ್ ಸಮಿತಿಯು 2004ರಲ್ಲಿ ಶಸ್ತ್ರಚಿಕಿತ್ಸೆ ಹಾಗೂ ದೀರ್ಘ ಹಾರ್ಮೋನು ಚಿಕಿತ್ಸೆಯ ಷರತ್ತಿನ ಮೇಲೆ ಬಾಗಿಲು ತೆರೆಯಿತು. 2015ರಲ್ಲಿ ಶಸ್ತ್ರಚಿಕಿತ್ಸೆಯ ಷರತ್ತನ್ನು ಕೈಬಿಟ್ಟು, ಹನ್ನೆರಡು ತಿಂಗಳ ಕಾಲ ಟೆಸ್ಟೊಸ್ಟೆರಾನ್ ಪ್ರಮಾಣ ಮಿತಿಯೊಳಗಿದ್ದರೆ ಸಾಕೆಂದಿತು. ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ನ್ಯೂಜಿಲೆಂಡಿನ ಲಾರೆಲ್ ಹಬ್ಬರ್ಡ್ ಮಹಿಳಾ ಭಾರ ಎತ್ತುವ ಸ್ಪರ್ಧೆಯಲ್ಲಿ ಪಾಲ್ಗೊಂಡರು. ಒಂದು ಎತ್ತುವಿಕೆಯೂ ಸಫಲವಾಗಲಿಲ್ಲ. ಇಷ್ಟರಲ್ಲಿ ವಿಜ್ಞಾನವೂ ಒಂದಿಷ್ಟು ಮುಂದೆ ಬಂದಿತ್ತು. ಅಮೆರಿಕದ ವಾಯುಪಡೆಯ ಸಿಬ್ಬಂದಿಯ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡು ವರ್ಷಗಳ ಚಿಕಿತ್ಸೆಯ ಅನಂತರ ಲಿಂಗಾಂತರಿ ಮಹಿಳೆಯರ ದಂಡ, ಬಸ್ಕಿಯಂತಹ ವ್ಯಾಯಾಮಗಳಲ್ಲಿನ ಮೇಲುಗೈ ಅಳಿಯಿತು; ಓಟದಲ್ಲಿ ಮಾತ್ರ ಅವರು ಇನ್ನೂ 12 ಶೇಕಡಾ ವೇಗವಾಗಿದ್ದರು. ಅಂದರೆ ಚಿಕಿತ್ಸೆ ಏನನ್ನೂ ಮಾಡದೆಂಬ ಮಾತೂ ಸುಳ್ಳು, ಎಲ್ಲವನ್ನೂ ಅಳಿಸುತ್ತದೆಂಬ ಮಾತೂ ಸುಳ್ಳು.

ರಾಜಕೀಯವು ಇಷ್ಟು ಸೂಕ್ಷ್ಮಕ್ಕೆ ಕಾಯಲಿಲ್ಲ. 2020ರಲ್ಲಿ ಐಡಾಹೊ ರಾಜ್ಯ ಮೊದಲ ನಿಷೇಧ ಶಾಸನವನ್ನು ಮಾಡಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದನ್ನು ಅನುಸರಿಸಿದವು. 2022ರ ಮಾರ್ಚ್ ತಿಂಗಳಲ್ಲಿ ಲಿಯಾ ಥಾಮಸ್ ಅಂತರ ಕಾಲೇಜು ಈಜಿನ 500 ಗಜ ಸ್ಪರ್ಧೆಯಲ್ಲಿ ಗೆದ್ದಾಗ ಕೂಗು ಮುಗಿಲು ಮುಟ್ಟಿತು. ಆ ತಿಂಗಳಿನಲ್ಲಿಯೇ ಯೂಟಾ ರಾಜ್ಯದ ರಿಪಬ್ಲಿಕನ್ ರಾಜ್ಯಪಾಲ ಸ್ಪೆನ್ಸರ್ ಕಾಕ್ಸ್ ತಮ್ಮ ಪಕ್ಷದವರೇ ಅಂಗೀಕರಿಸಿದ ನಿಷೇಧಕ್ಕೆ ಸಹಿ ಹಾಕಲು ನಿರಾಕರಿಸಿದರು. ರಾಜ್ಯದ 75,000 ಪ್ರೌಢಶಾಲಾ ಕ್ರೀಡಾಪಟುಗಳಲ್ಲಿ ಲಿಂಗಾಂತರಿಗಳು ನಾಲ್ವರು, ಬಾಲಕಿಯರ ವಿಭಾಗದಲ್ಲಿ ಆಡುವವಳು ಒಬ್ಬಳೇ ಎಂಬುದು ಅವರು ಕೊಟ್ಟ ಲೆಕ್ಕ. ಶಾಸನಸಭೆ ಅವರ ನಿರಾಕರಣೆಯನ್ನು ತಳ್ಳಿಹಾಕಿತು. ಅದೇ ವರ್ಷ ಯೂಟಾದಲ್ಲಿ ಗೆದ್ದ ಬಾಲಕಿಯೊಬ್ಬಳ ಮೇಲೆ ಸೋತ ಮಕ್ಕಳ ಪೋಷಕರು ದೂರಿತ್ತರು. ಆಕೆಗೂ ಮನೆಯವರಿಗೂ ತಿಳಿಸದೆ ಶಿಶುವಿಹಾರದ ಕಾಲದಿಂದ ಆಕೆಯ ದಾಖಲೆಗಳನ್ನು ತೆರೆದು ನೋಡಲಾಯಿತು. ಆಕೆ ಹುಟ್ಟಿನಿಂದ ಹುಡುಗಿಯೇ ಆಗಿದ್ದಳು.

ಕ್ರೀಡಾ ಒಕ್ಕೂಟಗಳು ಇದೇ ದಿಕ್ಕಿನಲ್ಲಿ ಹೆಜ್ಜೆ ಹಾಕಿದವು. 2022ರಲ್ಲಿ ವಿಶ್ವ ಈಜು ಒಕ್ಕೂಟವೂ 2023ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೂ ಗಂಡಿನ ಹರೆಯವನ್ನು ದಾಟಿ ಬಂದವರನ್ನು ಮಹಿಳಾ ವಿಭಾಗದಿಂದ ಹೊರಗಿಟ್ಟವು. 2025ರ ಫೆಬ್ರವರಿ 5ರಂದು ಅಧ್ಯಕ್ಷ ಟ್ರಂಪ್ ಶಾಲಾ ಕಾಲೇಜುಗಳ ಮಹಿಳಾ ಕ್ರೀಡೆಗಳಿಂದ ಲಿಂಗಾಂತರಿಗಳನ್ನು ದೂರವಿಡುವ ಆದೇಶ ಹೊರಡಿಸಿದರು. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ಕಾಲೇಜು ಕ್ರೀಡಾ ಸಂಘದ ಅಧ್ಯಕ್ಷರು, 5,10,000 ಕ್ರೀಡಾಪಟುಗಳಲ್ಲಿ ತಮಗೆ ತಿಳಿದ ಲಿಂಗಾಂತರಿಗಳು ಹತ್ತಕ್ಕಿಂತ ಕಡಿಮೆಯೆಂದು ಸೆನೆಟ್ ಮುಂದೆ ಹೇಳಿದ್ದರು. 2025ರ ಸೆಪ್ಟೆಂಬರಿನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ಮಹಿಳಾ ಸ್ಪರ್ಧಿಗಳಿಗೆಲ್ಲ ಜೀನ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 1990ರಲ್ಲಿ ಆ ಜೀನನ್ನು ಕಂಡುಹಿಡಿದ ತಂಡದ ಆಂಡ್ರ್ಯೂ ಸಿಂಕ್ಲೇರ್ ಅವರೇ, ಇದೊಂದರಿಂದ ಹೆಣ್ಣು ಗಂಡು ನಿರ್ಣಯ ತರವಲ್ಲವೆಂದು ಆಕ್ಷೇಪಿಸಿದರು.

ಈ ಚರಿತ್ರೆಯಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಮತ್ತೊಂದಿದೆ. 1977ರ ಡಬಲ್ಸ್‌ನಲ್ಲಿ ರಿಚರ್ಡ್ಸ್ ಅವರನ್ನು ಸೋಲಿಸಿದ ನವ್ರಾಟಿಲೋವಾ ಮುಂದೆ ಅವರನ್ನೇ ತಮ್ಮ ತರಬೇತುದಾರರನ್ನಾಗಿ ಸ್ವೀಕರಿಸಿದರು. ಅದೇ ನವ್ರಾಟಿಲೋವಾ ಇತ್ತೀಚಿನ ವರ್ಷಗಳಲ್ಲಿ ನಿರ್ಬಂಧದ ಪರವಾಗಿ ಗಟ್ಟಿಯಾಗಿ ಮಾತನಾಡಿದ್ದಾರೆ. ಬಿಲ್ಲಿ ಜೀನ್ ಕಿಂಗ್ ಇಂದಿಗೂ ಪ್ರವೇಶದ ಪರ. ಇನ್ನು ಸ್ವತಃ ರಿಚರ್ಡ್ಸ್? ನೇತ್ರಚಿಕಿತ್ಸೆಗೆ ಹಿಂದಿರುಗಿ ಬಹುಕಾಲ ಕಳೆದ ಮೇಲೆ, ತಾವು ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅನಂತರ ಹೀಗೆ ಅಂಗಣಕ್ಕಿಳಿದಿದ್ದರೆ ಯಾವ ಮಹಿಳೆಯೂ ಸಮೀಪಕ್ಕೆ ಬರಲಾಗುತ್ತಿರಲಿಲ್ಲವೆಂದು ಒಪ್ಪಿ, ತಮ್ಮ ಹಿಂದಿನ ನಿಲುವನ್ನು ಮರುಚಿಂತಿಸಿದರು. ತನ್ನ ಗೆಲುವನ್ನೇ ತಾನು ಪ್ರಶ್ನಿಸಿಕೊಳ್ಳುವ ಈ ಧೈರ್ಯ ನ್ಯಾಯಾಲಯದಲ್ಲಿ ಗೆಲ್ಲುವ ಧೈರ್ಯಕ್ಕಿಂತ ಸಣ್ಣದಲ್ಲ.

ಒಲಿಂಪಿಕ್ ಪದಕದ ಓಟಕ್ಕೂ ಹತ್ತು ವರ್ಷದ ಮಕ್ಕಳ ಸಂಜೆಯ ಆಟಕ್ಕೂ ಒಂದೇ ನಿಯಮ ಬೇಕಾಗಿಲ್ಲ. ಪದಕದ ಓಟದಲ್ಲಿ ಗೆರೆ ಎಳೆಯಲೇಬೇಕಾದೀತು. ಸೋಲುವ ಹುಡುಗಿಯ ವರ್ಷಗಳ ಪರಿಶ್ರಮಕ್ಕೆ ಸಂಖ್ಯೆ ಕಡಿಮೆಯೆಂಬುದು ಸಮಾಧಾನವಾಗದು. ಆದರೆ ಆ ಗೆರೆಯ ಹೊರಗೆ ಉಳಿಯುವವರು ವಂಚಕರಲ್ಲ, ಶತ್ರುಗಳೂ ಅಲ್ಲ. ಬುಡಾಪೆಸ್ಟಿನಲ್ಲಿ ವಿವಸ್ತ್ರರಾಗಿ ನಿಂತವರ, ಪಟಿನ್ಯೋ ಅವರ, ಯೂಟಾದ ಆ ಬಾಲಕಿಯ ನೋವು ನಿಯಮದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಶಂಕೆಯಿಂದ ಹುಟ್ಟಿದ್ದು. ನಿಯಮ ಕಠಿಣವಾಗಿರಬಹುದು, ಅದನ್ನು ನುಡಿಯುವ ನಾಲಿಗೆ ಕಠಿಣವಾಗಬೇಕಾಗಿಲ್ಲ.