ಈರಿ ಸರೋವರದ ರಂಜಕ

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಆಳ ತೀರ ಕಡಿಮೆ ಇರುವುದು ಈರಿ. ಸರಾಸರಿ 19 ಮೀಟರ್ ಆಳ. ಪಶ್ಚಿಮದ ಭಾಗದಲ್ಲಂತೂ ಏಳೆಂಟು ಮೀಟರಷ್ಟೇ. ಬೇಸಿಗೆಯಲ್ಲಿ ಬೇಗ ಬಿಸಿಯೇರುವ ಈ ಭಾಗಕ್ಕೆ ಮುಖ್ಯವಾಗಿ ಎರಡು ನದಿಗಳು ಸೇರುತ್ತವೆ. ಡೆಟ್ರಾಯಿಟ್ ನದಿ ಅದೇ ಹೆಸರಿನ ಕಾರ್ಖಾನೆಗಳ ನಗರವನ್ನು ಹಾಯ್ದು ಬರುತ್ತದೆ. ಮಾಮೀ ನದಿ ಇಂಡಿಯಾನಾ, ಒಹಾಯೊ ರಾಜ್ಯಗಳ ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆ ಹರಿದು ಟೊಲಿಡೊ ನಗರದ ಬಳಿ ಸರೋವರಕ್ಕಿಳಿಯುತ್ತದೆ. ಈರಿಗೆ ಬರುವ ನೀರಿನಲ್ಲಿ ಮಾಮೀಯ ಪಾಲು ತೀರ ಸಣ್ಣದು. ಅದು ತರುವ ಗೊಬ್ಬರದ ಪಾಲು ಹಾಗಲ್ಲ.

ಮಾಮೀ ಕಣಿವೆಯ ಬಹುಭಾಗ ಒಂದು ಕಾಲಕ್ಕೆ ವಿಶಾಲವಾದ ಜೌಗು ಕಾಡು. 19ನೇ ಶತಮಾನದ ಉತ್ತರಾರ್ಧದಲ್ಲಿ ರೈತರು ಬಸಿಗಾಲುವೆ ತೋಡಿ, ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು, ಅದನ್ನು ಒಣಗಿಸಿದರು. ನದಿಗಿಳಿಯುವ ಮುನ್ನ ನೀರನ್ನು ಸೋಸುತ್ತಿದ್ದ ಜರಡಿ ಹೋಯಿತು, ಫಲವತ್ತಾದ ಹೊಲ ಬಂತು. ಆ ಕೊಳವೆಗಳ ಪರಿಣಾಮ ತಿಳಿಯಲು ಇನ್ನೊಂದು ಶತಮಾನ ಬೇಕಾಯಿತು.

ಮೊದಲ ಪೆಟ್ಟು ಬಂದದ್ದು ನಗರದ ಕಡೆಯಿಂದ. ಡೆಟ್ರಾಯಿಟಿನಲ್ಲಿ 1940ರಲ್ಲಿ ಶುರುವಾದ ಶುದ್ಧೀಕರಣ ಘಟಕ ಕೊಳಚೆ ನೀರಿನ ಗಸಿಯನ್ನು ಇಳಿಸುತ್ತಿತ್ತೇ ಹೊರತು ಕರಗಿದ್ದನ್ನು ತೆಗೆಯುತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಮನೆಮನೆಗೆ ಬಂದ ಡಿಟರ್ಜೆಂಟ್ ಪುಡಿಯಲ್ಲಿ ರಂಜಕದ ಸಂಯುಕ್ತವಾದ ಫಾಸ್ಫೇಟ್ ಹೇರಳವಾಗಿತ್ತು. ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಕೊರತೆ ಬೀಳುವುದು ರಂಜಕ. ಅದು ಸಿಕ್ಕರೆ ಪಾಚಿ ಉಕ್ಕುತ್ತದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. 1953ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಭಾಗದ ತಳದ ಕೆಸರಿನಲ್ಲಿದ್ದ ಮೇಫ್ಲೈ ಹುಳುಗಳು ರಾಶಿರಾಶಿಯಾಗಿ ಸತ್ತವು. 1960ರ ದಶಕದಲ್ಲಿ ಪತ್ರಿಕೆಗಳು ಈರಿ ಸತ್ತೇಹೋಯಿತೆಂದು ಬರೆದವು. ವಾಸ್ತವದಲ್ಲಿ ಅದರ ತೊಂದರೆ ಜೀವದ ಅಭಾವವಲ್ಲ, ಅತಿರೇಕ.

ದೋಷ ಯಾವುದರದೆಂಬ ವಾದ ವರ್ಷಗಟ್ಟಲೆ ನಡೆಯಿತು. ಕಾರಣ ಇಂಗಾಲ, ಫಾಸ್ಫೇಟ್ ಅಲ್ಲ ಎಂಬ ವಾದಕ್ಕೆ ಸಾಬೂನು ಉದ್ಯಮದ ಬೆಂಬಲವಿತ್ತು. ಇದನ್ನು ಬಗೆಹರಿಸಿದ್ದು ಕೆನಡಾದ ಒಂಟಾರಿಯೊದಲ್ಲಿನ ಪುಟ್ಟ ಸರೋವರ. ಹೆಸರೂ ಇಲ್ಲದ ಅದರ ಸಂಖ್ಯೆ 226. ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಅದರ ಕಿರಿದಾದ ನಡುಭಾಗಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಬೆರೆಸಿದರು. ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ಆ ಕಡೆಯಷ್ಟೇ ಗಾಢ ಹಸಿರಾಯಿತು. ವಿಮಾನದಿಂದ ತೆಗೆದ ಅದರ ಚಿತ್ರ ಯಾವ ಕೋಷ್ಟಕಕ್ಕಿಂತಲೂ ಹೆಚ್ಚು ಮಂದಿಯನ್ನು ಒಪ್ಪಿಸಿತು.

ಅಷ್ಟರಲ್ಲಿ ರಾಜಕೀಯ ನಿರ್ಧಾರವೂ ಆಗಿತ್ತು. 1972ರಲ್ಲಿ ಅಮೆರಿಕ ಮತ್ತು ಕೆನಡಾ ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು. 1978ರ ಪರಿಷ್ಕರಣೆಯಲ್ಲಿ ಈರಿಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ನಿಗದಿಯಾಯಿತು. ಶುದ್ಧೀಕರಣ ಘಟಕಗಳು ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ಗಸಿಗಟ್ಟಿಸತೊಡಗಿದವು. ಡಿಟರ್ಜೆಂಟಿನ ಫಾಸ್ಫೇಟಿಗೆ ಕೆನಡಾ, ಮಿಷಿಗನ್ ಮೊದಲಾದೆಡೆ ಕಡಿವಾಣ ಬಿತ್ತು. 1980ರ ದಶಕದಲ್ಲಿ ನೀರು ತಿಳಿಯಾಯಿತು, 1990ರ ದಶಕದಲ್ಲಿ ಮೇಫ್ಲೈ ಮರಳಿತು.

ಆದರೆ 1990ರ ದಶಕದ ನಡುವಿನಿಂದಲೇ ಮಾಮೀ ನದಿಯ ನೀರಿನಲ್ಲಿ ಕರಗಿದ ರಂಜಕ ಏರತೊಡಗಿತ್ತು. ಇದಕ್ಕೆ ಕೊಡುವ ಕಾರಣಗಳಲ್ಲೊಂದು ವಿಪರ್ಯಾಸದ್ದು. ಮಣ್ಣಿನ ಸವಕಳಿ ತಡೆಯಲೆಂದು ಪ್ರೋತ್ಸಾಹಿಸಿದ ಉಳುಮೆರಹಿತ ಬೇಸಾಯದಲ್ಲಿ ಗೊಬ್ಬರ ಮಣ್ಣಿನೊಳಗೆ ಬೆರೆಯದೆ ಮೇಲ್ಪದರದಲ್ಲೇ ಉಳಿಯುತ್ತದೆ. ಉಳದ ನೆಲದ ಬಿರುಕು, ಎರೆಹುಳುವಿನ ಬಿಲಗಳ ಮೂಲಕ ವಸಂತದ ಮಳೆ ಅದನ್ನು ನೇರವಾಗಿ ಅಡಿಯ ಕೊಳವೆಗಳಿಗೆ ಇಳಿಸುತ್ತದೆ. ಮಣ್ಣು ಹೊಲದಲ್ಲೇ ಉಳಿಯಿತು. ಪಾಚಿಗೆ ಸುಲಭವಾಗಿ ದಕ್ಕುವ ರಂಜಕ ಹೊರಟುಹೋಯಿತು.

2014ರ ಆಗಸ್ಟಿನಲ್ಲಿ, ಈರಿಯಿಂದಲೇ ಬರುವ ಟೊಲಿಡೊದ ನಲ್ಲಿ ನೀರಿನಲ್ಲಿ ನೀಲಿಹಸಿರು ಪಾಚಿಯ ವಿಷವಾದ ಮೈಕ್ರೋಸಿಸ್ಟಿನ್ ಕಂಡುಬಂತು. ಸುಮಾರು ನಾಲ್ಕರಿಂದ ಐದು ಲಕ್ಷ ಜನ ಎರಡು ದಿನಕ್ಕೂ ಹೆಚ್ಚು ಕಾಲ ಆ ನೀರು ಕುಡಿಯುವಂತಿರಲಿಲ್ಲ. ಕುದಿಸಿದರೆ ಈ ವಿಷ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. 2016ರಲ್ಲಿ ಎರಡೂ ದೇಶಗಳು ಈರಿಗೆ ಬರುವ ರಂಜಕವನ್ನು 2008ರ ಮಟ್ಟಕ್ಕಿಂತ ಶೇ. 40ರಷ್ಟು ಇಳಿಸಲು ಒಪ್ಪಿದವು. ಆದರೆ ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆ ಕಾರ್ಖಾನೆ, ನಗರಗಳ ಕೊಳವೆಗಳಿಗೆ ಪರವಾನಗಿ ಕಡ್ಡಾಯ ಮಾಡಿದಂತೆ ಹೊಲದಿಂದ ಹರಿದು ಬರುವ ನೀರಿಗೆ ಮಾಡಿಲ್ಲ. ಅಲ್ಲಿ ಬಹುಪಾಲು ರೈತರ ಒಪ್ಪಿಗೆ, ಸರ್ಕಾರದ ಸಹಾಯಧನಗಳೇ ಆಧಾರ. ಬೇಸತ್ತ ಟೊಲಿಡೊ ಮತದಾರರು 2019ರ ಫೆಬ್ರವರಿಯಲ್ಲಿ ಸರೋವರಕ್ಕೇ ಕಾನೂನಿನ ಹಕ್ಕುಗಳನ್ನು ಕೊಡುವ ನಿರ್ಣಯವನ್ನು ಗೆಲ್ಲಿಸಿದರು. ಮರುದಿನವೇ ಒಂದು ಕೃಷಿ ಕುಟುಂಬ ನ್ಯಾಯಾಲಯಕ್ಕೆ ಹೋಯಿತು. ಒಂದು ವರ್ಷದ ಬಳಿಕ ಫೆಡರಲ್ ನ್ಯಾಯಾಧೀಶರು, ನಿರ್ಣಯದ ಮಾತುಗಳು ತೀರ ಅಸ್ಪಷ್ಟವೆಂದು, ಅದನ್ನು ರದ್ದುಪಡಿಸಿದರು.