ಮಳಖೇಡದ ನಿರುದ್ಧ, ಕಮಲಾಪುರದ ಲ.ಸಾ.ಅ.

ಎಸೆಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳು ಜಿಲ್ಲೆಗಳ ಪಟ್ಟಿಯನ್ನು ತಲೆಕೆಳಗಾಗಿ ಓದಿ ಕಲಬುರಗಿಯ ಹೆಸರು ಹುಡುಕುತ್ತವೆ. 2025ರ ಮೊದಲ ಪರೀಕ್ಷೆಯಲ್ಲಿ ಹುಡುಕುವ ಶ್ರಮವೂ ಬೇಕಾಗಲಿಲ್ಲ, ಶೇ. 42ರಷ್ಟು ಫಲಿತಾಂಶದೊಡನೆ ಜಿಲ್ಲೆ ಕಟ್ಟಕಡೆಗೆ ನಿಂತಿತ್ತು. ಕಾರಣ ಕೇಳಿದರೆ ಶಿಕ್ಷಕರು ಮೊದಲು ಬೊಟ್ಟು ಮಾಡುವುದು ಗಣಿತದ ಕಡೆಗೆ. ಕೆಲವರಂತೂ 'ಈ ಕಡೆಯ ಮಕ್ಕಳಿಗೆ ಲೆಕ್ಕ ಹತ್ತುವುದಿಲ್ಲ' ಎಂದು ಕೈತೊಳೆದುಕೊಳ್ಳುತ್ತಾರೆ. ಗಣಿತವೇನೋ ಈ ಕಪ್ಪು ಮಣ್ಣಿಗೆ ಒಗ್ಗದ ಬೆಳೆ ಎಂಬಂತೆ! ಹಾಗೆ ಹೇಳುವವರು ಒಮ್ಮೆ ಸೇಡಂ ರಸ್ತೆಯಲ್ಲಿ ಮಳಖೇಡದವರೆಗೆ ಹೋಗಿಬರಬೇಕು.

ಕಾಗಿಣಾ ನದಿಯ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದಾಗ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ' ಬರೆದ. ಖಗೋಳಶಾಸ್ತ್ರದ ನೆರಳಿನಿಂದ ಹೊರಬಂದು ಗಣಿತವನ್ನಷ್ಟೇ ವಿಷಯವಾಗಿಟ್ಟುಕೊಂಡ ಸಂಸ್ಕೃತ ಕೃತಿ ಅದು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳಿಗೆಲ್ಲ ಸಾಮಾನ್ಯವಾದ ಅತಿ ಚಿಕ್ಕ ಸಂಖ್ಯೆಯನ್ನು ಹುಡುಕುವ ಕ್ರಮವನ್ನು ಆತ ಹೇಳಿಕೊಟ್ಟ. ಅದಕ್ಕೆ 'ನಿರುದ್ಧ' ಎಂದು ಹೆಸರಿಟ್ಟ. ಇಂದು ಶಾಲೆಯಲ್ಲಿ ಲ.ಸಾ.ಅ. ಎಂದು ಮಕ್ಕಳನ್ನು ಹೆದರಿಸುವುದು ಇದನ್ನೇ. 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದಿದ್ದ. ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ. ಗ್ರಂಥ ಹುಟ್ಟಿದ ನೆಲದವರು ಇಷ್ಟು ಕಾಲ ಕಾಯಬೇಕಾಯಿತು.

ಅದೇ ಕಾಲಕ್ಕೆ, ಕೆಲವೇ ವರ್ಷಗಳ ಹಿಂದುಮುಂದಿನಲ್ಲಿ, ಬಗ್ದಾದಿನಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಬೀಜಗಣಿತದ ಪುಸ್ತಕ ಬರೆದಿದ್ದ. ಅದರ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಶಬ್ದವೇ ಅಲ್ಜಿಬ್ರಾ ಆಯಿತು. ಭಾರತೀಯ ಅಂಕಿಗಳನ್ನು ಕುರಿತೂ ಆತ ಬರೆದ. ಈ ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಎರಡು ನಗರಗಳಿಗೆ ಪರಸ್ಪರ ಗುರುತಿತ್ತು. 851ರ ಅರಬಿ ಪ್ರವಾಸ ಕಥನವೊಂದು ಲೋಕದ ನಾಲ್ವರು ಮಹಾ ದೊರೆಗಳಲ್ಲಿ ಬಗ್ದಾದಿನ ಖಲೀಫ, ಚೀನದ ಮತ್ತು ರೂಮಿನ ಅರಸರ ಜೊತೆಗೆ 'ಬಲ್ಹರಾ'ನನ್ನೂ ಹೆಸರಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ.

ಅಲ್ ಖ್ವಾರಿಝ್ಮಿಯ ಪುಸ್ತಕದ ದೊಡ್ಡ ಭಾಗ ವಾರಸುದಾರಿಕೆಯ ಲೆಕ್ಕಗಳಿಗೇ ಮೀಸಲು ಎಂಬುದು ಇಲ್ಲಿ ಗಮನಾರ್ಹ. ಪವಿತ್ರ ಕುರ್‌ಆನ್ ವಾರಸುದಾರರ ಪಾಲನ್ನು ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಆರನೇ ಒಂದು ಎಂದು ಭಿನ್ನರಾಶಿಗಳಲ್ಲೇ ಹೇಳಿರುವುದರಿಂದ ಲೆಕ್ಕ ಕಲಿಯದೆ ಗತ್ಯಂತರವಿರಲಿಲ್ಲ. ಒಂದು ಉದಾಹರಣೆ: ಒಬ್ಬ ರೈತ ಪತ್ನಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಹೋದ. ಪತ್ನಿಗೆ ಎಂಟನೇ ಒಂದು; ಉಳಿದ ಎಂಟನೇ ಏಳು ಭಾಗ ಮಗನಿಗೆ ಎರಡು, ಮಗಳಿಗೆ ಒಂದರಂತೆ ಮೂರು ಪಾಲಾಗಬೇಕು. ಎಂಟಕ್ಕೂ ಮೂರಕ್ಕೂ ಹೊಂದುವ ಅತಿ ಚಿಕ್ಕ ಸಂಖ್ಯೆ 24. ಹೊಲ 24 ಎಕರೆ ಎಂದಿಟ್ಟುಕೊಂಡರೆ ತಾಯಿಗೆ 3, ಮಗನಿಗೆ 14, ಮಗಳಿಗೆ 7. ಬಗ್ದಾದಿನ ಸಮಸ್ಯೆಗೆ ಮಳಖೇಡದ ನಿರುದ್ಧದಿಂದ ಉತ್ತರ ಸಿಕ್ಕಿತು! ಎರಡನ್ನೂ ಒಂದೇ ಪಾಠದಲ್ಲಿ ತರುವ ಪಠ್ಯಪುಸ್ತಕವನ್ನು ನಮ್ಮಲ್ಲಿ ಯಾಕೆ ಯಾರೂ ಬರೆಯಬಾರದು?

ಬಹಮನಿಗಳ ಕಾಲಕ್ಕೆ ಕಲಬುರಗಿಯೇ ರಾಜಧಾನಿ. ಇಲ್ಲಿ ಆಳಿದ ಸುಲ್ತಾನ್ ಫಿರೋಜ್ ಶಾಹ್ (1397–1422) ವಾರಕ್ಕೆ ಮೂರು ದಿನ ತಾನೇ ಪಾಠ ಹೇಳುತ್ತಿದ್ದನೆಂದೂ ಅದರಲ್ಲಿ ಯೂಕ್ಲಿಡನ ರೇಖಾಗಣಿತವೂ ಇತ್ತೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯ ಕಮಾನು, ಗುಮ್ಮಟಗಳನ್ನು ಎಣಿಸಿ ನೋಡಿದವರಿಗೆ ರೇಖಾಗಣಿತ ಆಗ ಪುಸ್ತಕದಲ್ಲಷ್ಟೇ ಇರಲಿಲ್ಲವೆಂದು ತಿಳಿಯುತ್ತದೆ.

ಆದರೆ ಇದೆಲ್ಲ ಆಸ್ಥಾನದ, ಪಂಡಿತರ ಗಣಿತ. ಜನಸಾಮಾನ್ಯರ ಮಕ್ಕಳು ಕಲಿತದ್ದು ಖಾನಗಿ ಶಾಲೆಗಳಲ್ಲಿ, ಅಂಗಡಿಯ ಗಲ್ಲೆಯ ಮುಂದೆ. ಅಲ್ಲಿನ ಮಗ್ಗಿ ಹತ್ತರ ಮಗ್ಗಿಗೆ ನಿಲ್ಲುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳೂ ಬಾಯಿಪಾಠವಾಗಬೇಕಿತ್ತು. ಓಣಿಯಾಚೆ ದಖ್ಖನಿ ಮಾತಿನ ಮಕ್ಕಳು ಇವನ್ನೇ ಪಾವ್, ಪೌನ್, ಸವ್ವಾ, ಡೇಢ್, ಅಢಾಯಿ ಎಂದು ಹಾಡುತ್ತಿದ್ದರು. ಅಗತ್ಯವೂ ಹಾಗೇ ಇತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಸಾಲದ್ದಕ್ಕೆ ನಿಜಾಮ್ ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ, ರೈಲು ಹತ್ತಿ ಸೋಲಾಪುರಕ್ಕೆ ಹೋದರೆ ಬ್ರಿಟಿಷರ ಕಲ್ದಾರ್. ನೂರು ಕಲ್ದಾರಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಕಾಗದದ ಮೇಲೆ ಇದು ಭಯಂಕರ. ಆದರೆ ಆರು ಕಲ್ದಾರಿಗೆ ಏಳು ಹಾಲಿ ಎಂದು ಹಿಡಿದರೆ ಮುಗಿಯಿತು. ಅನುಪಾತ ಎಂಬ ಪದ ಕೇಳದವರೂ ಅನುಪಾತದಲ್ಲೇ ಬದುಕುತ್ತಿದ್ದ ಕಾಲ ಅದು.

ಸರಕಾರಿ ಶಾಲೆಗಳ ಕಥೆ ಬೇರೆ. ಮೇಲಿನ ತರಗತಿಗಳಲ್ಲಿ ಉರ್ದುವೇ ಮಾಧ್ಯಮ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಗಣಿತವನ್ನೂ ಉರ್ದುವಿನಲ್ಲೇ ಕಲಿಸಿತು. ಅದಕ್ಕಾಗಿ ಒಂದು ವರ್ಷ ಮೊದಲೇ ಭಾಷಾಂತರ ವಿಭಾಗ ತೆರೆದು ಗ್ರಂಥಗಳನ್ನು ಅನುವಾದಿಸಲಾಯಿತು. ದೇಶಭಾಷೆಯಲ್ಲಿ ಕಲನಶಾಸ್ತ್ರ ಸಾಧ್ಯವಿಲ್ಲ ಎನ್ನುವವರಿಗೆ ಅದು ಕೃತಿಯಿಂದಲೇ ಕೊಟ್ಟ ಉತ್ತರ. ಇದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು ಕೂಡ. ಆದರೆ ಇನ್ನೊಂದು ಮಾತನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ತನ್ನ ನುಡಿಯಲ್ಲಿ ಕಲಿಯುವ ಹಕ್ಕು ಉರ್ದು ಮನೆಯ ಹುಡುಗನಿಗೆ ಸಿಕ್ಕಿತು. ಕಮಲಾಪುರದ ಕನ್ನಡ ಮನೆಯ ಹುಡುಗ ಮೇಲಿನ ತರಗತಿಗೆ ಬಂದೊಡನೆ ಅವನ ಗುಣಾಕಾರ 'ಜರ್ಬ್' ಆಯಿತು, ಭಾಗಾಕಾರ 'ತಕ್ಸೀಮ್' ಆಯಿತು. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯದಂತಹ ಖಾಸಗಿ ಸಂಸ್ಥೆ ಹುಟ್ಟಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾ ಪೈಸೆ ಬಂತು. ಅದರ ಬೆನ್ನಿಗೇ ಸೇರು, ಮಣಗಳ ಜಾಗಕ್ಕೆ ಕಿಲೋ. ಐದಾರು ವರ್ಷಗಳೊಳಗೆ ಶಾಲೆಯ ಭಾಷೆ, ನಾಣ್ಯ, ತೂಕ ಮೂರೂ ಬದಲಾದವು. ಈಗ ಜರ್ಬ್ ಕಲಿತಿದ್ದ ಮೇಷ್ಟ್ರು ಗುಣಾಕಾರ ಹೇಳಿಕೊಡಬೇಕಾಯಿತು. ಕನ್ನಡ ಪುಸ್ತಕದ ಪದಗಳಾದರೂ ಮನೆಮಾತಿನವೇ? 'ಲಘುತ್ತಮ ಸಾಮಾನ್ಯ ಅಪವರ್ತ್ಯ' ಉರ್ದುವಿನ 'ಜು ಅಜ್‌ಆಫೆ ಅಕಲ್'ನಷ್ಟೇ ದೂರದ್ದು. ಒಂದು ಸಂಸ್ಕೃತದಿಂದ ಬಂತು, ಇನ್ನೊಂದು ಅರಬಿಯಿಂದ. ಮಗುವಿಗೆ ಎರಡೂ ಕಬ್ಬಿಣದ ಕಡಲೆ.

ಇಂದಿಗೂ ಕಲಬುರಗಿ ನಗರದಲ್ಲಿ ಉರ್ದು ಮಾಧ್ಯಮದ ಸರಕಾರಿ ಶಾಲೆಗಳಿವೆ. ಕಮಲಾಪುರ ಕಡೆಯ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಎಣಿಸುತ್ತದೆ. ಒಂದನೆಯ ತರಗತಿಯಲ್ಲೇ ಇದರ ಪರಿಣಾಮ ಕಾಣುತ್ತದೆ. ಕನ್ನಡದ ಎಪ್ಪತ್ತಮೂರರಲ್ಲಿ ಎಪ್ಪತ್ತೂ ಮೂರೂ ಕಿವಿಗೆ ಬೇರೆಬೇರೆಯಾಗಿ ಕೇಳುತ್ತವೆ. ಉರ್ದುವಿನ 'ತಿಹತ್ತರ್' ಒಂದೇ ಮುದ್ದೆ. ನೂರರವರೆಗೆ ಪ್ರತಿ ಹೆಸರನ್ನೂ ಬಾಯಿಪಾಠ ಮಾಡಬೇಕು. ಮೇಲಾಗಿ ಬರಹ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಕಣ್ಣು ಎರಡು ಸಲ ತಿರುಗುತ್ತದೆ. ಇದು ದಡ್ಡತನವಲ್ಲ, ಹೆಚ್ಚಿನ ಕೆಲಸ. ಆ ಕೆಲಸಕ್ಕೆ ಹೆಚ್ಚಿನ ಸಮಯ ಕೊಡುವ ವೇಳಾಪಟ್ಟಿ ಮಾತ್ರ ಇಲ್ಲ.

ಸರಕಾರ ಏನೂ ಮಾಡಿಲ್ಲವೆನ್ನಲಾಗದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ನಂತರ ರಾಜ್ಯವನ್ನೆಲ್ಲ ವ್ಯಾಪಿಸಿತು. 2015ರ ಸುಮಾರಿಗೆ ಅಕ್ಷರ ಪ್ರತಿಷ್ಠಾನದ ಜೊತೆಗೂಡಿ 'ಗಣಿತ ಕಲಿಕಾ ಆಂದೋಲನ' ಈ ಭಾಗದ ಆರು ಜಿಲ್ಲೆಗಳ ನಾಲ್ಕು, ಐದನೇ ತರಗತಿಗಳಿಗೆ ಮಣಿಚೌಕಟ್ಟು, ಗಡಿಯಾರ, ಭಿನ್ನರಾಶಿಯ ತುಂಡುಗಳಿದ್ದ ಪೆಟ್ಟಿಗೆ ತಂದಿತು. 371ಜೆ ವಿಧಿಯಿಂದ ಸ್ಥಳೀಯರಿಗೆ ಮೀಸಲಾತಿಯೂ ಬಂತು. ಆದರೆ ಪೆಟ್ಟಿಗೆ ತೆರೆಯಲು ಶಿಕ್ಷಕ ಬೇಕಲ್ಲ! ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿಯಾದಾಗ ಅತಿಥಿ ಶಿಕ್ಷಕರೇ ಗತಿ. ಸುಗ್ಗಿ ಮುಗಿದು ತಂದೆತಾಯಿ ಮುಂಬೈ, ಪುಣೆಗೆ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ಇತಿಹಾಸದ ಒಂದು ಪಾಠ ತಪ್ಪಿದರೆ ಮುಂದಿನದು ಓದಬಹುದು. ಭಿನ್ನರಾಶಿ ತಪ್ಪಿದವನಿಗೆ ಬೀಜಗಣಿತದ ಬಾಗಿಲೇ ಮುಚ್ಚುತ್ತದೆ.

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹೆದ್ದಾರಿ ಬದಿಯಲ್ಲಿ ಮಾರುವ ಹುಡುಗ ಡಜನ್ನಿನ ದರದಿಂದ ಏಳು ಹಣ್ಣಿನ ಬೆಲೆಯನ್ನು ಬಾಯಲ್ಲೇ ಹೇಳುತ್ತಾನೆ. ಅದೇ ಲೆಕ್ಕ ಕರಿಹಲಗೆಯ ಮೇಲೆ ಬಂದರೆ ಅವನು ಸುಮ್ಮನಾಗುತ್ತಾನೆ. ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ದಾಟಿದ ಹುಡುಗಿ ಪಿಯು ವಿಜ್ಞಾನಕ್ಕೆ ಸೇರಿದ ದಿನ ಅವಳ 'ಮುಸಲ್ಲಸ್' ಟ್ರಯಾಂಗಲ್ ಆಗುತ್ತದೆ, 'ಜಾವಿಯಾ' ಆ್ಯಂಗಲ್ ಆಗುತ್ತದೆ, 'ಕಸರ್' ಫ್ರ್ಯಾಕ್ಷನ್ ಆಗುತ್ತದೆ. ಪಕ್ಕದ ಬೆಂಚಿನ ಕನ್ನಡ ಮಾಧ್ಯಮದವಳು ತ್ರಿಭುಜ, ಕೋನ, ಭಿನ್ನರಾಶಿಗಳನ್ನು ಬಿಟ್ಟುಬಂದಿರುತ್ತಾಳೆ. ಈ ಪದಗಳ ಮೂರು ಕಾಲಮಿನ ಪಟ್ಟಿ ಎಂಟನೇ ತರಗತಿಯ ಗಣಿತ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ಹಿಡಿಸುತ್ತದೆ.