ವೆಸ್ಲಿ ಸೇತುವೆಯ 'ವೆಸ್ಲಿ' ಯಾರು? ಒಂದು ಐರಿಷ್ ಮನೆತನದ ಹೆಸರು ಊರೂರು ಸುತ್ತಿದ ಕಥೆ

ಈ ವಾರದ ಮಾತಿನ ಬರಹರೂಪ ಇಲ್ಲಿದೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ನಿಧಾನವಾಗಿ ಓದಿಕೊಳ್ಳಿ.

ನಾನು ಮಳವಳ್ಳಿ ಕಡೆಯವನು. ಚಿಕ್ಕವನಿದ್ದಾಗ ಶಿವನಸಮುದ್ರಕ್ಕೆ ಹೋದಾಗೆಲ್ಲ ನಮ್ಮ ತಾತ ಹಳೇ ಕಲ್ಲಿನ ಸೇತುವೆ ತೋರಿಸಿ "ಇದು ವೆಸ್ಲಿ ಸೇತುವೆ ಕಣೋ" ಅನ್ನೋರು. ವೆಸ್ಲಿ ಅಂದ್ರೆ ಯಾರು ತಾತ ಅಂದ್ರೆ, "ಯಾವನೋ ದೊರೆ" ಅಷ್ಟೇ ಉತ್ತರ. ಆಮೇಲೆ ಕೆಲಸಕ್ಕೆ ಅಂತ ಪುಣೆಗೆ ಬಂದೆ. ಇಲ್ಲಿ ಸಂಗಮದ ಹತ್ತಿರ ಒಂದು ವಿಳಾಸ ಹುಡುಕುವಾಗ 'ವೆಲ್ಲೆಸ್ಲಿ ರೋಡ್' ಅಂತ ಬೋರ್ಡ್ ಕಂಡಿತು. ಕಾವೇರಿ ಮೇಲಿನ ವೆಸ್ಲಿಗೂ ಮುಳಾ-ಮುಠಾ ಪಕ್ಕದ ವೆಲ್ಲೆಸ್ಲಿಗೂ ಏನಪ್ಪಾ ಸಂಬಂಧ ಅನ್ನೋ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು.

ಕಥೆ ಶುರುವಾಗೋದು ಐರ್ಲೆಂಡಿನ ಮೀಥ್ ಕೌಂಟಿಯಲ್ಲಿ. ಅಲ್ಲಿ ವೆಸ್ಲಿ ಅನ್ನೋ ಮನೆತನ ಇತ್ತು. ಮೂಲ ಇಂಗ್ಲೆಂಡಿನ ಸಾಮರ್ಸೆಟ್. ಆದರೆ ಐರ್ಲೆಂಡಿಗೆ ಬಂದು ಶತಮಾನಗಳೇ ಆಗಿದ್ದವು, ಡಾಂಗನ್ ಅನ್ನೋ ಕಡೆ ದೊಡ್ಡ ಜಮೀನು. ಗ್ಯಾರೆಟ್ ವೆಸ್ಲಿ ಅನ್ನೋರಿಗೆ ಮಕ್ಕಳಿರಲಿಲ್ಲ. ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ವೆಸ್ಲಿ ಅನ್ನೋ ಹುಡುಗನನ್ನು ವಾರಸುದಾರನನ್ನಾಗಿ ಮಾಡಿಕೊಳ್ಳೋಕೆ ಅವರು ಕೇಳಿದರಂತೆ, ಹುಡುಗ ಒಲ್ಲೆ ಅಂದನಂತೆ. ಆ ಹುಡುಗನೇ ಮುಂದೆ ಅಣ್ಣ ಜಾನ್ ವೆಸ್ಲಿ ಜೊತೆ ಸೇರಿ ಮೆಥಡಿಸ್ಟ್ ಪಂಥ ಕಟ್ಟಿದವನು. ಕೊನೆಗೆ ಆಸ್ತಿ ಸಿಕ್ಕಿದ್ದು ನೆಂಟರಾದ ರಿಚರ್ಡ್ ಕಾಲಿಗೆ. 1728ರಲ್ಲಿ ಕಾಲಿ ತನ್ನ ಹೆಸರು ಬಿಟ್ಟು ವೆಸ್ಲಿ ಆದರು. ಆಸ್ತಿ ಜೊತೆ ಹೆಸರೂ ಬರೋದು ನಮ್ಮ ದತ್ತಕದ ಲೆಕ್ಕವೇ ಅನ್ನಿ.

ಈ ರಿಚರ್ಡರ ಮೊಮ್ಮಕ್ಕಳೇ ನಮಗೆ ಬೇಕಾದವರು. ಹಿರಿಯವನ ಹೆಸರೂ ರಿಚರ್ಡ್, ಹುಟ್ಟಿದ್ದು 1760. ತಮ್ಮ ಆರ್ಥರ್, 1769. 'ವೆಸ್ಲಿ' ಅನ್ನೋದು ಹಿರಿಯವನಿಗೆ ಸಾಕಾಗಲಿಲ್ಲ. ಹಳೇ ಕಾಗದಪತ್ರಗಳಲ್ಲಿದ್ದ 'ವೆಲ್ಲೆಸ್ಲಿ' ಅನ್ನೋ ಉದ್ದ ರೂಪ ಹೆಚ್ಚು ಗತ್ತಿನದು ಅಂತ 1789ರಲ್ಲಿ ಅದನ್ನೇ ಇಟ್ಟುಕೊಂಡ. ಆರ್ಥರ್ ಮಾತ್ರ ವೆಸ್ಲಿ ಅಂತಲೇ ಸಹಿ ಹಾಕುತ್ತಾ 1797ರಲ್ಲಿ ಕಲ್ಕತ್ತೆಗೆ ಬಂದಿಳಿದ. 1798ರಲ್ಲಿ ಅಣ್ಣ ಗವರ್ನರ್ ಜನರಲ್ ಆಗಿ ಬಂದ. ಅದೇ ವರ್ಷ ತಮ್ಮನ ಸಹಿಯೂ 'ವೆಲ್ಲೆಸ್ಲಿ' ಆಯಿತು. ಅಂದ್ರೆ ಆರ್ಥರನ ಹೆಸರು ಬದಲಾಗಿದ್ದು ನಮ್ಮ ನೆಲದ ಮೇಲೆ.

ಮುಂದಿನದು ನಿಮಗೆ ಗೊತ್ತು. 1798ರಲ್ಲಿ ಹೈದರಾಬಾದ್ ನಿಜಾಮರ ಜೊತೆ ಒಪ್ಪಂದ, 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಯುದ್ಧಕ್ಕೆ ಮುಂಚೆ ಆರ್ಥರ್ ಇದ್ದ ವೆಲ್ಲೆಸ್ಲಿ ಹೌಸ್ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿದೆ. ಯುದ್ಧ ಆದಮೇಲೆ ಅವನೇ ಶ್ರೀರಂಗಪಟ್ಟಣದ ಉಸ್ತುವಾರಿ, ವಾಸ ಟಿಪ್ಪುವಿನ ದರಿಯಾ ದೌಲತ್‌ನಲ್ಲಿ. 1800ರಲ್ಲಿ ಚನ್ನಗಿರಿಯ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಹೋಗಿ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಕೊಂದವನೂ ಇವನೇ. ಆಮೇಲೆ ಧೋಂಡಿಯಾನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನನನ್ನು ತನ್ನ ಹತ್ತಿರ ಇಟ್ಟುಕೊಂಡು, ಊರು ಬಿಡುವಾಗ ಅವನ ಪೋಷಣೆಗೆ ದುಡ್ಡು ಇಟ್ಟು ಹೋದವನೂ ಇವನೇ. ಎರಡನ್ನೂ ಒಟ್ಟಿಗೇ ನೆನಪಿಡಬೇಕು, ಒಂದು ಇನ್ನೊಂದನ್ನು ಅಳಿಸಲ್ಲ. 1803ರ ಏಪ್ರಿಲ್ 20ಕ್ಕೆ ಅವನು ಪುಣೆ ಹೊಕ್ಕಿದ, ಎರಡನೇ ಬಾಜೀರಾಯರನ್ನು ಗಾದಿಗೆ ತಂದು ಕೂರಿಸೋಕೆ. ಸೆಪ್ಟೆಂಬರ್ 23ಕ್ಕೆ ಅಸಾಯೆ ಯುದ್ಧ.

ಈಗ ಹೆಸರುಗಳ ಮೆರವಣಿಗೆ ನೋಡಿ. 1800ರಲ್ಲಿ ಪೆನಾಂಗ್ ಎದುರಿನ ಮಲಯಾ ತೀರ ಕಂಪನಿ ಕೈಗೆ ಬಂತು, ಅದು 'ಪ್ರಾವಿನ್ಸ್ ವೆಲ್ಲೆಸ್ಲಿ' ಆಯಿತು. ಈಗ ಅದು ಸೆಬೆರಾಂಗ್ ಪೆರೈ. ಆಸ್ಟ್ರೇಲಿಯಾದ ಉತ್ತರಕ್ಕೆ ವೆಲ್ಲೆಸ್ಲಿ ದ್ವೀಪಗಳಿವೆ. ಕಲ್ಕತ್ತೆಯ ವೆಲ್ಲೆಸ್ಲಿ ಸ್ಟ್ರೀಟ್ ಇವತ್ತು ರಫಿ ಅಹ್ಮದ್ ಕಿದ್ವಾಯಿ ರೋಡ್.

1809ರಲ್ಲಿ ಆರ್ಥರನಿಗೆ ಬಿರುದು ಕೊಡುವ ಹೊತ್ತಿಗೆ ಅವನು ಸ್ಪೇನ್ ಯುದ್ಧದಲ್ಲಿದ್ದ. ಬಿರುದಿನ ಹೆಸರು ಆರಿಸಿದ್ದು ಇನ್ನೊಬ್ಬ ಅಣ್ಣ ವಿಲಿಯಂ. ಮನೆತನದ ಹೆಸರಿಗೆ ಹತ್ತಿರವಾಗಿ ಕೇಳಿಸುತ್ತೆ, ಸಾಮರ್ಸೆಟ್‌ನಲ್ಲೇ ಇದೆ ಅಂತ ವೆಲ್ಲಿಂಗ್ಟನ್ ಅನ್ನೋ ಊರಿನ ಹೆಸರು ಹಿಡಿದ. ಅಲ್ಲಿಂದ ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್, ಮಳೆಗಾಲದ ಮೊಣಕಾಲುದ್ದದ ವೆಲ್ಲಿಂಗ್ಟನ್ ಬೂಟು, ಮುಂಬೈಯ ರೀಗಲ್ ಸರ್ಕಲ್‌ನಲ್ಲಿರೋ 1865ರ ವೆಲ್ಲಿಂಗ್ಟನ್ ಕಾರಂಜಿ. ನೀಲಗಿರಿಯ ವೆಲ್ಲಿಂಗ್ಟನ್ ದಂಡು ಪ್ರದೇಶದ ಹಳೇ ಹೆಸರು ಜಕ್ಕತಲ, ಬಡಗರ ಹಳ್ಳಿಯದು. ಬಡಗರ ಮಾತು ಕನ್ನಡದ ಒಡಹುಟ್ಟು ಅನ್ನೋದು ಅಲ್ಲಿಗೆ ಹೋದ ಕನ್ನಡಿಗರಿಗೆ ಎರಡೇ ನಿಮಿಷಕ್ಕೆ ಗೊತ್ತಾಗುತ್ತೆ. ಒಂದು ಕನ್ನಡದಂಥ ಹೆಸರಿನ ಮೇಲೆ ಸಾಮರ್ಸೆಟ್ ಊರಿನ ಹೆಸರು ಬಂದು ಕೂತಿತು.

ಹೆಸರು ಕೇಳಿದ ಕೂಡಲೇ ಎಲ್ಲಾ ಒಂದೇ ಅಂದುಕೊಳ್ಳಬೇಡಿ. ಮುಂಬೈಯ ವಿಲ್ಲಿಂಗ್ಡನ್ ಕ್ಲಬ್ ಬೇರೆಯವರದು, ಲಾರ್ಡ್ ವಿಲ್ಲಿಂಗ್ಡನ್ ಹೆಸರಿನದು. ಅಮೆರಿಕದ ವೆಲ್ಲೆಸ್ಲಿ ಕಾಲೇಜಿಗೆ ಹೆಸರು ಬಂದಿದ್ದು ಅಲ್ಲಿನ ಊರಿನಿಂದ. ಊರಿನ ಹೆಸರು ಹನ್ನೆವೆಲ್ ಅನ್ನೋ ಶ್ರೀಮಂತರ ಪತ್ನಿಯ ತವರುಮನೆ 'ವೆಲ್ಸ್'ನಿಂದ ಹುಟ್ಟಿದ್ದು. ಇನ್ನು ಸಿಕಂದರಾಬಾದಿನ ವೆಸ್ಲಿ ಕಾಲೇಜು, ಮೈಸೂರಿನಲ್ಲಿ 1887ರಲ್ಲಿ 'ವೃತ್ತಾಂತ ಪತ್ರಿಕೆ' ಹೊರಡಿಸಿದ ವೆಸ್ಲಿಯನ್ ಮಿಷನ್ ಇವೆಲ್ಲ ಜಾನ್ ವೆಸ್ಲಿ ಕಡೆಯವು. ಅಂದ್ರೆ ಆಸ್ತಿ ಬೇಡ ಅಂದ ಮನೆಯೂ ಕರ್ನಾಟಕಕ್ಕೆ ಬಂತು, ಆಸ್ತಿ ಪಡೆದ ಮನೆಯೂ ಬಂತು. ಒಬ್ಬರು ಅಚ್ಚುಮೊಳೆ ತಂದರು, ಇನ್ನೊಬ್ಬರು ಫಿರಂಗಿ ತಂದರು.

ಈಗ ಸೇತುವೆಗೆ ಬರೋಣ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರದು. ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ಕಮಾನು ಇಲ್ಲ, ಸಾಲಾಗಿ ಕಲ್ಲಿನ ಕಂಬ, ಮೇಲೆ ಉದ್ದುದ್ದ ಕಲ್ಲಿನ ತೊಲೆ, ಚಪ್ಪಡಿ. ಪೂರ್ತಿ ನಮ್ಮ ಕಲ್ಲುಕುಟಿಗರ ಪದ್ಧತಿ. ಇನ್ನೂರು ವರ್ಷದಿಂದ ಕಾವೇರಿ ಪ್ರವಾಹಕ್ಕೆ ಎದೆಕೊಟ್ಟು ನಿಂತಿದೆ. ಹೆಸರು ಮಾತ್ರ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು.

ಪೂರ್ಣಯ್ಯನವರು ಯಾಕೆ ಹೀಗೆ ಮಾಡಿದರು? ಇದನ್ನು ನಾನು ಬಹಳ ದಿನ ಗುಲಾಮಗಿರಿ ಅಂತ ಬೈದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. 1799ರ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕಂಪನಿಗೆ ಕಟ್ಟಬೇಕಿತ್ತು. ಸಿಂಹಾಸನದಲ್ಲಿ ಪುಟ್ಟ ಮಗು ಕೃಷ್ಣರಾಜ ಒಡೆಯರು. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ದುಡಿದಿದ್ದ ಈ ಮನುಷ್ಯನಿಗೆ ಯಾವುದಕ್ಕೆ ಎಷ್ಟು ಬೆಲೆ ಅಂತ ಚೆನ್ನಾಗಿ ಗೊತ್ತಿತ್ತು. ನನ್ನ ಲೆಕ್ಕ ಇಷ್ಟು: ಹೆಸರು ದೊರೆಗೆ ಹೋಯಿತು, ಸೇತುವೆ ಜನಕ್ಕೆ ಉಳಿಯಿತು. ತಪ್ಪಾಗಿದ್ದರೆ ಅದು ಪೂರ್ಣಯ್ಯನವರದಲ್ಲ, ಅವರ ಹೆಸರನ್ನು ಅದರ ಪಕ್ಕದಲ್ಲಿ ಹೇಳೋದು ಮರೆತ ನಮ್ಮದು.

ನಮ್ಮ ತಾತ ತೋರಿಸುತ್ತಿದ್ದ ಶಿವನಸಮುದ್ರದ ಸೇತುವೆಯದೂ ಅದೇ ಕಥೆ. ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರರು, ಹೆಸರು ದೊರೆಯದು. 2018ರ ನೆರೆಯಲ್ಲಿ ಅದರ ಒಂದು ಭಾಗ ಕೊಚ್ಚಿ ಹೋದ ಚಿತ್ರಗಳು ಫೋನಿಗೆ ಬಂದಾಗ ನಾನು ಪುಣೆಯಲ್ಲಿ ಕೂತಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ನೀರಿಗೆ ಹೋಗಿದ್ದು ವೆಲ್ಲೆಸ್ಲಿಯ ಹೆಸರಲ್ಲ, ನಮ್ಮ ಕಲ್ಲುಕುಟಿಗರ ಕೈಕೆಲಸ.

ಈಗಲೂ ಕೆಲವರು ಸೇತುವೆಯ ಹೆಸರು ಬದಲಾಯಿಸೋಣ ಅಂತಾರೆ. ನಾನಂತೂ ಮೊದಲು ಸೇತುವೆ ಉಳಿಸೋಣ ಅಂತೀನಿ. ಹೆಸರು ತಾನಾಗೇ ಬದಲಾಗುತ್ತೆ, ಆಗಲೇ ಬದಲಾಗಿದೆ ಕೂಡ. ಆ ಅಣ್ಣತಮ್ಮಂದಿರು ಗತ್ತಿಗೋಸ್ಕರ 'ವೆಸ್ಲಿ' ಬಿಟ್ಟು 'ವೆಲ್ಲೆಸ್ಲಿ' ಆದರು. ನಮ್ಮ ಮಳವಳ್ಳಿ, ಕೊಳ್ಳೇಗಾಲದ ಜನ ಆ ಉದ್ದ ಹೆಸರು ನಾಲಿಗೆಗೆ ಹೊಂದಲಿಲ್ಲ ಅಂತ ಒಂದಕ್ಷರ ಕಿತ್ತುಹಾಕಿ, ಮತ್ತೆ 'ವೆಸ್ಲಿ' ಮಾಡಿಟ್ಟರು. ಐರ್ಲೆಂಡಿನಲ್ಲಿ ಬಿಟ್ಟು ಬಂದ ಹೆಸರು ಅವರಿಗೆ ವಾಪಸ್ ಸಿಕ್ಕಿದ್ದು ಕಾವೇರಿ ದಂಡೆಯಲ್ಲಿ!

ನೀವಿರೋ ಊರಲ್ಲೂ ಇಂಥ ಒಂದು ರಸ್ತೆ, ಒಂದು ಬೋರ್ಡ್ ಇದ್ದೇ ಇರುತ್ತೆ. ಅದರ ಮೇಲಿನ ಹೆಸರನ್ನು ಓದಿ, ಜೊತೆಗೆ ಕಟ್ಟಿದವರು ಯಾರು ಅಂತ ಒಮ್ಮೆ ವಿಚಾರಿಸಿ, ನಮಗೂ ತಿಳಿಸಿ. ಮುಂದಿನ ವಾರ ಸಿಗೋಣ.